ಸ್ಪೀಕರ್ ಪರೀಕ್ಷೆಯ ಹಾಡು

ಹೋದ ವಾರ ನನ್ನ ಫೋನಿನ ದನಿ ಬಿದ್ದುಹೋಯಿತು. ನನ್ನ ಮಾತು ಎದುರಿನವರಿಗೆ ಕೇಳಿಸುತ್ತಿತ್ತು, ಅವರ ಮಾತು ನನಗೆ ಕೇಳಿಸುತ್ತಿರಲಿಲ್ಲ. ಬಾಳಿನುದ್ದಕ್ಕೂ ಮಕ್ಕಳಿಗೆ ಪಾಠ ಹೇಳಿದವಳಿಗೆ ಇದು ಹೊಸ ಸ್ಥಿತಿಯೇನಲ್ಲ. ಆದರೂ ರಿಪೇರಿ ಮಾಡಿಸೋಣವೆಂದು ಶಿವಾಜಿನಗರಕ್ಕೆ ಹೋದೆ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮೊಬೈಲ್ ಅಂಗಡಿಗಳು ಒಂದರ ಭುಜಕ್ಕೊಂದು ಒರಗಿಕೊಂಡು ನಿಂತಿವೆ. ನಾನು ಹೊಕ್ಕ ಅಂಗಡಿಯವನು ಗಡ್ಡ ನರೆತ ಮನುಷ್ಯ. ಫೋನನ್ನು ತಿರುಗಿಸಿ ನೋಡಿ, "ಸ್ಪೀಕರ್ ಹೋಗ್ಬಿಟ್ಟಿದೆ. ಕೂತ್ಕೊಳ್ಳಿ ಅಜ್ಜಿ, ಈಗ್ಲೇ ಹಾಕ್ಕೊಡ್ತೀನಿ" ಎಂದ. ಅವನ ಗಡ್ಡವನ್ನೂ ನನ್ನ ತಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಿಳುಪಿನಲ್ಲಿ ಯಾರು ಮುಂದೆ ಎಂಬುದು ಚರ್ಚಾಸ್ಪದ ವಿಷಯ. ಸ್ಟೂಲನ್ನು ಒರೆಸಿ ಕೊಟ್ಟನಾದ್ದರಿಂದ ನಾನು ಆ ಚರ್ಚೆಗೆ ಇಳಿಯಲಿಲ್ಲ. ಮರೆತೆನೆಂದಲ್ಲ.

ಆಮೇಲೆ ಅವನು ಬೆಸುಗೆಯ ಕಡ್ಡಿಯನ್ನು ಬಿಸಿ ಮಾಡಿ ಪುಟ್ಟ ಡಬ್ಬಿಯ ರಾಳಕ್ಕೆ ತಾಗಿಸಿದ. ಬಿಳಿಯ ಹೊಗೆಯ ಒಂದು ಎಳೆ ಎದ್ದಿತು. ಸುಟ್ಟ ಮರದ ಅಂಟಿನ, ತುಸು ಸಿಹಿಯಾದ, ಗಂಟಲಿನಲ್ಲಿ ಕೊಂಚ ಕೂರುವ ವಾಸನೆ. ಹೆಚ್ಚಿನವರ ಮನಸ್ಸಿನಲ್ಲಿ ತಂಗಿಯ ನೆನಪು ಮಲ್ಲಿಗೆಯ ಜೊತೆಗೋ ಹರಳೆಣ್ಣೆಯ ಜೊತೆಗೋ ಬರುತ್ತದಂತೆ. ನನ್ನ ತಂಗಿ ವನಜಳ ಸೆರಗಿನಲ್ಲಿ ಇದ್ದುದು ಈ ಹೊಗೆ.

ನಮ್ಮದು ಹಲಸೂರು ಕೆರೆಯ ಕೆಳಗೆ ಸೊಪ್ಪು ತರಕಾರಿ ಬೆಳೆಯುತ್ತಿದ್ದವರ ಮನೆತನ. ತೋಟ ತಾತನ ಕಾಲಕ್ಕೇ ರಸ್ತೆಯಾಯಿತು. ನಮ್ಮ ಪಾಲಿಗೆ ಉಳಿದದ್ದು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಕಿರುಮನೆ, ಅದರ ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆ. ನಾನೂ ವನಜಳೂ ಮದುವೆಯಾಗಲಿಲ್ಲ. ಅದಕ್ಕೆ ಕಾರಣರಾದವರು ಇನ್ನೂ ಬದುಕಿದ್ದಾರೆ. ಅವರ ಸುದ್ದಿ ಇಲ್ಲಿ ಬೇಡ. ನಾನು ದಂಡಿನ, ಅಂದರೆ ಕಂಟೋನ್‌ಮೆಂಟ್ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅಲ್ಲಿ ಭೂಗೋಳದ ಶಿಕ್ಷಕಿಯೊಬ್ಬರು ಸಿಬ್ಬಂದಿಯ ಕೋಣೆಯಲ್ಲಿ, ಎಲ್ಲರೆದುರು, "ನಿಮ್ ಸಬ್ಜೆಕ್ಟು ಹೊಲಿಗೆ ಕ್ಲಾಸ್ ಥರ ಅಲ್ವಾ ಮಿಸ್? ಪಾಸಾದ್ರೆ ಸಾಕು" ಎಂದಿದ್ದರು. ಅವರು ಅಂದು ಉಟ್ಟ ಸೀರೆಯ ಅಂಚಿನ ಬಣ್ಣವನ್ನು ನಾನು ಇಂದಿಗೂ ಹೇಳಬಲ್ಲೆ. ಇಂಥ ಸಂಗತಿಗಳನ್ನು ನಾನು ನೆನಪಿಡುತ್ತೇನೆ ಎಂದು ವನಜ ನಗುತ್ತಿದ್ದಳು. "ಅಕ್ಕ, ನಿನ್ ತಲೇಲಿ ಒಂದು ಸ್ಟೇಷನ್ ಇದೆ, ಎಲ್ಲಾರ ಮೇಲೂ ಕಂಪ್ಲೇಂಟ್ ಅಲ್ಲೇ ಬಿದ್ದಿರತ್ತೆ." ಅವಳಿಗೆ ಏನನ್ನಾದರೂ ಮರೆತುಬಿಡುವ ಕಲೆ ಸಿದ್ಧಿಸಿತ್ತು. ಒಂದನ್ನು ಬಿಟ್ಟು. ಆ ಒಂದರ ಮಾತು ಮುಂದೆ ಬರುತ್ತದೆ.

ವನಜ ಕೆ.ಆರ್. ಪುರದ ಕಡೆಯ ದೂರವಾಣಿ ಉಪಕರಣಗಳ ಕಾರ್ಖಾನೆಯೊಂದರಲ್ಲಿ ರಿಲೇ ಜೋಡಿಸುವ ವಿಭಾಗದಲ್ಲಿದ್ದಳು. ರಿಲೇ ಎಂದರೆ, ನಿಮಗೆ ಪರಿಚಯವಿಲ್ಲದಿದ್ದರೆ, ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನ ಕೀಲು. ಬೆರಳುದ್ದದ ಸಾಧನ, ವಿದ್ಯುತ್ತು ಹರಿದೊಡನೆ ಒಳಗಿನ ಲೋಹದ ನಾಲಿಗೆ 'ಟಕ್' ಎಂದು ಕಚ್ಚಿಕೊಳ್ಳುತ್ತದೆ, ಬಿಟ್ಟೊಡನೆ 'ಟಕ್' ಎಂದು ಬಿಡಿಸಿಕೊಳ್ಳುತ್ತದೆ. ಊರಿನವರೆಲ್ಲ ಒಮ್ಮೆಗೇ ಮಾತಾಡತೊಡಗಿದರೆ ಎಕ್ಸ್‌ಚೇಂಜಿನೊಳಗೆ ಇಂಥ ಸಾವಿರಾರು ನಾಲಿಗೆಗಳು ಆಡುತ್ತಿದ್ದವು. ತೊಂಬತ್ತರ ದಶಕದಲ್ಲಿ ಎಕ್ಸ್‌ಚೇಂಜುಗಳು ಸದ್ದಿಲ್ಲದ ಕಂಪ್ಯೂಟರುಗಳಾದಾಗ ರಿಲೇ ವಿಭಾಗದ ಹೆಂಗಸರನ್ನು ಸ್ವಯಂ ನಿವೃತ್ತಿ ಪಡೆಯುವಂತೆ ಕೇಳಿಕೊಂಡರು. ಒತ್ತಾಯಿಸಿ ಕೊಡಿಸಿದ ನಿವೃತ್ತಿಗೆ 'ಸ್ವಯಂ' ಎಂಬ ಪೂರ್ವಪದ ಹೇಗೆ ಹೊಂದುತ್ತದೆಂದು ನಾನು ಆಡಳಿತಕ್ಕೆ ಬರೆದು ಕೇಳಿದ್ದೆ. ಉತ್ತರ ಬರಲಿಲ್ಲ.

ವನಜ ಅತ್ತಂತೆ ಕಾಣಲಿಲ್ಲ. ಕೆಲವು ದಿನ ಕಳೆದ ಮೇಲೆ ಶಿವಾಜಿನಗರದ ಗುಜರಿಯಲ್ಲಿ ತೂಕಕ್ಕೆ ಮಾರುತ್ತಿದ್ದ ಹಳೆಯ ರಿಲೇಗಳನ್ನು ಚೀಲದಲ್ಲಿ ಹೊತ್ತು ತಂದಳು. ಅವುಗಳಲ್ಲಿ ಕೆಲವು ಅವಳ ವಿಭಾಗದಲ್ಲೇ ಹುಟ್ಟಿದಂಥವು. ತಾರಸಿಯ ಕೋಣೆಯಲ್ಲಿ ಹಲಗೆಗೆ ಬಡಿದು, ತಂತಿ ಎಳೆದು, ಅವು ತಾನು ಹೇಳಿದ ಕ್ರಮದಲ್ಲಿ ಟಕ್ಕೆನ್ನುವಂತೆ ಮಾಡಿದಳು. ಬಿಡಿಭಾಗ ಕೊಂಡುತಂದು ತಾನೇ ಜೋಡಿಸಿದ ಕಂಪ್ಯೂಟರಿನಲ್ಲಿ ಆ ಸದ್ದನ್ನು ಮುದ್ರಿಸಿಕೊಂಡು, ಹಿಗ್ಗಿಸಿ, ಕುಗ್ಗಿಸಿ, ಕೆಳಗಿಳಿಸಿ, ಒಂದರ ಮೇಲೊಂದು ಹಾಸಿದಳು. ಕುಗ್ಗಿಸಿದ ರಿಲೇ ಗುಬ್ಬಚ್ಚಿಯಾಗುತ್ತಿತ್ತು, ಹಿಗ್ಗಿಸಿ ಕೆಳಗಿಳಿಸಿದ ರಿಲೇ ಭೂಮಿಯೊಳಗಿನ ಗುಡುಗಾಗುತ್ತಿತ್ತು. ಇದನ್ನು ಎಲೆಕ್ಟ್ರಾನಿಕ್ ಸಂಗೀತ ಎನ್ನುತ್ತಾರೆಂದು ಅವಳಿಗೆ ಯಾರೋ ಆಮೇಲೆ ಹೇಳಿದರು. ಅವಳು ಮಾಡಿದ್ದು ಹೆಸರು ತಿಳಿಯುವ ಮೊದಲೇ.

ನನಗೆ ಮೊದಲು ಅದು ಗದ್ದಲವೆನಿಸಿತು, ಮುಚ್ಚುಮರೆಯೇಕೆ. ಒಂದು ಮಧ್ಯಾಹ್ನ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದಾಗ ನನ್ನ ಕೆಂಪು ಪೆನ್ನು ತಾನಾಗಿ ಮೇಜಿನ ಮೇಲೆ ಬಡಿಯುತ್ತಿರುವುದು ಗಮನಕ್ಕೆ ಬಂತು. ಮೂರು, ನಾಲ್ಕು, ಮೂರು, ನಾಲ್ಕು. ನಾನು ಮೆಟ್ಟಿಲು ಹತ್ತಿ ಹೋದೆ. "ವನಜಾ, ಇದು ಭಾಮಿನಿ ಷಟ್ಪದಿಯ ನಡೆ." "ಅಂದ್ರೆ ಚೆನ್ನಾಗಿದೆ ಅಂತಾನಾ?" "ಮಾತ್ರೆ ತಪ್ಪಿಲ್ಲ ಅಂತ." "ನಿನ್ ಬಾಯಲ್ಲಿ ಅಷ್ಟ್ ಬಂದ್ರೆ ಪದ್ಮಶ್ರೀ ಬಂದಂಗೆ ಬಿಡು" ಎಂದಳು. ಈ ಸಂಗೀತದವರು ಸಾಮಾನ್ಯವಾಗಿ ನಾಲ್ಕರ ಎಣಿಕೆ ಬಿಟ್ಟು ಕದಲುವುದಿಲ್ಲವಂತೆ. ಇವಳ ರಿಲೇ ಏಳಕ್ಕೆ ನಡೆಯುತ್ತಿತ್ತು. ಕಾರ್ಖಾನೆಯ ಬೆಂಚಿನ ಮೇಲೆ ರಿಲೇ ಪರೀಕ್ಷಿಸುವಾಗ ಹೆಂಗಸರು ಮೂರು ಸಲ ತಟ್ಟಿ ನೋಡಿ, ಮತ್ತೆ ನಾಲ್ಕು ಸಲ ತಟ್ಟಿ ನೋಡಿ ಮುಂದಿನವಳಿಗೆ ದಾಟಿಸುತ್ತಿದ್ದರಂತೆ. ಅವಳ ಭಾಮಿನಿ ಹುಟ್ಟಿದ್ದು ಅಲ್ಲಿ.

ಅವಳ ಆ ರಚನೆಯ ಕೊನೆಯಲ್ಲಿ ನಾನಿದ್ದೇನೆ. ಒಂದು ಸಂಜೆ ಎಂದಿನಂತೆ ಮೆಟ್ಟಿಲ ಕೆಳಗೆ ನಿಂತು, "ವನಜಾ, ಅನ್ನ ಆರ್ತಿದೆ ಕಣೇ, ಇಳಿದು ಬಾ" ಎಂದು ಕೂಗಿದ್ದೆ. ಮೇಲೆ ಮೈಕು ತೆರೆದಿತ್ತು. ಮುಂದಿನ ವಾರ ಅವಳು ರಚನೆಯನ್ನು ಪೂರ್ತಿ ಕೇಳಿಸಿದಾಗ, ರಿಲೇಗಳೆಲ್ಲ ಒಂದೊಂದಾಗಿ ಬಾಯಿ ಮುಚ್ಚಿ, ಬರಿದಾಗಿ ಉಳಿದ ಜಾಗದಲ್ಲಿ ನನ್ನ ದನಿ ಕೇಳಿತು.

"ನನ್ನನ್ನು ಕೇಳದೆ ಹೇಗೆ ಹಾಕ್ಕೊಂಡೆ?"

"ಕೇಳಿದ್ರೆ ಪದ್ಯ ಓದೋ ಥರ ಕೂಗ್ತಿದ್ದೆ."

"'ಆರ್ತಿದೆ' ಅಂತಿದೆ. ಮುದ್ರಿಸೋದಾದ್ರೆ 'ಆರುತ್ತಿದೆ' ಅಂತ ಸರಿಯಾಗಿ ಹೇಳ್ತೀನಿ, ಇನ್ನೊಂದ್ಸಲ ತಗೋ."

"ಬೇಡಕ್ಕ. ಬೈಯೋ ದನಿನೇ ಬೇಕು. ಅಷ್ಟೊತ್ತೂ ಮಷೀನ್ ಮಾತಾಡಿರತ್ತೆ. ಕೊನೇಲಿ ಯಾರಾದ್ರೂ ಮನೆಗೆ ಕರೀಬೇಕಲ್ವಾ?"

ನಾನು ಅನ್ನ ಬಡಿಸಲು ಕೆಳಗಿಳಿದೆ.

ಅವಳ ಕೋಣೆಯಲ್ಲಿದ್ದುದು ಪುಟ್ಟ ಸ್ಪೀಕರುಗಳು. ನೆಲದ ಗುಡುಗು ಅವುಗಳಲ್ಲಿ ಕೇಳುವುದಿಲ್ಲ. ಓಣಿಯ ತುದಿಯಲ್ಲಿ ಮುನಿರಾಜು ಎಂಬವನ ಸೌಂಡ್ ಅಂಗಡಿಯಿತ್ತು. ಮದುವೆ, ರಾಜ್ಯೋತ್ಸವ, ಗಣೇಶನ ಹಬ್ಬಗಳಿಗೆ ಆಳೆತ್ತರದ ಸ್ಪೀಕರುಗಳನ್ನು ಬಾಡಿಗೆಗೆ ಕೊಡುತ್ತಿದ್ದ. ವನಜ ತನ್ನ ರಚನೆಯ ಸೀಡಿಯನ್ನು ಅಲ್ಲಿಗೆ ಒಯ್ದು ಹಾಕಿ ಕೇಳುತ್ತಿದ್ದಳು. ನೀವು ಗಮನಿಸಿರಬಹುದು, ಸೌಂಡಿನವರಿಗೆ ಒಂದು ಪದ್ಧತಿಯಿದೆ. ಸ್ಪೀಕರುಗಳನ್ನು ನಿಲ್ಲಿಸಿದ ಮೇಲೆ, ಸಮಾರಂಭಕ್ಕೆ ಮುಂಚೆ, ಪರೀಕ್ಷೆಗೆಂದೇ ಇಟ್ಟುಕೊಂಡ ಒಂದು ಸೀಡಿಯನ್ನು ಹಾಕುತ್ತಾರೆ. ಅದು ಯಾರೂ ಕೇಳಲೆಂದು ಹಾಕುವ ಹಾಡಲ್ಲ. ಒಂದಿಷ್ಟು ನುಡಿಸಿ, ಎತ್ತರದ ಸ್ವರ ಸೀಳುತ್ತದೆಯೇ, ತಗ್ಗಿನ ಸ್ವರ ಗೊರಗುಟ್ಟುತ್ತದೆಯೇ ಎಂದು ನೋಡಿ ನಿಲ್ಲಿಸುತ್ತಾರೆ. ವನಜಳ ಸೀಡಿ ಮುನಿರಾಜುವಿನ ಪರೀಕ್ಷೆಯ ಸೀಡಿಯಾಯಿತು. "ಅಕ್ಕೋರೆ, ನಿಮ್ ತಂಗಿ ಸೀಡಿ ಹಾಕಿದ್ರೆ ಸ್ಪೀಕರು ತನ್ನ ಕಾಯಿಲೆ ಎಲ್ಲಾ ತಾನೇ ಬಾಯ್ಬಿಡತ್ತೆ. ಡಾಕ್ಟ್ರು ಬೇಡ, ಸ್ಕ್ಯಾನಿಂಗ್ ಬೇಡ" ಎನ್ನುತ್ತಿದ್ದ. ವನಜಳಿಗೆ ಇದು ಹೆಮ್ಮೆಯ ವಿಷಯವಾಗಿತ್ತು, ಸ್ವಲ್ಪ ಕಾಲ. ಆಮೇಲೆ ಒಂದು ದಿನ ಊಟದ ನಡುವೆ, ತಟ್ಟೆಯಿಂದ ತಲೆಯೆತ್ತದೆ ಹೇಳಿದಳು:

"ಚೆಕ್ ಮಾಡೋಕಲ್ಲಕ್ಕ. ಒಂದೇ ಒಂದ್ಸಲ, ಕೇಳೋಕೆ ಅಂತ್ಲೇ ಜನ ಬರ್ಬೇಕು. ಬಾಗಿಲಲ್ಲಿ ನನ್ ಹೆಸರಿರ್ಬೇಕು. ಮೊದಲಿಂದ ಕೊನೇವರೆಗೂ, ನಿನ್ನ ಅನ್ನದ ತನಕ, ನಾನೇ ಹಾಕ್ಬೇಕು."

ಅವಳು ಬದುಕಿನಲ್ಲಿ ಬಯಸಿ ಕೇಳಿದ್ದು ಇದೊಂದನ್ನೇ. ಇದು ದೊಡ್ಡ ಬಯಕೆಯೆಂದು ನಿಮಗೆ ಅನಿಸುತ್ತದೆಯೇ? ನನಗೆ ಅನಿಸಿರಲಿಲ್ಲ.

ಕಾಕ್ಸ್‌ಟೌನಿನ ಕ್ಲೆಮೆಂಟ್ ಎಂಬವರು ಇಂದಿರಾನಗರದಲ್ಲಿ ಒಂದು ರೆಸ್ಟೋರೆಂಟ್ ನಡೆಸುತ್ತಿದ್ದರು. ಅವರ ಮಗಳು ನನ್ನ ಶಿಷ್ಯೆ. ದಂಡಿನಲ್ಲಿ ಒಂದು ಕಾಲಕ್ಕೆ ಭಾನುವಾರ ಮಧ್ಯಾಹ್ನ 'ಜಾಮ್ ಸೆಷನ್' ಎಂದು ನಡೆಯುತ್ತಿತ್ತಂತೆ: ಚರ್ಚಿನಿಂದ ಬಂದು ಊಟ ಮಾಡಿ, ಹುಡುಗ ಹುಡುಗಿಯರು ಹಗಲು ಬೆಳಕಿನಲ್ಲೇ ಕುಣಿದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು. ಅದರ ನೆನಪಿನಲ್ಲಿಯೇ ಅವರು ಆ ಜಾಗ ತೆರೆದಿದ್ದರು. ಒಂದು ಮೂಲೆಯಲ್ಲಿ ಕುಣಿಯಲು ಮರದ ನೆಲವನ್ನೂ ಹಾಕಿಸಿದ್ದರು. ವನಜಳ ಸೀಡಿಯನ್ನು ಕಣ್ಣು ಮುಚ್ಚಿ ಕೇಳಿ, "ಟೀಚರ್, ಐ ಡೋಂಟ್ ಅಂಡರ್‌ಸ್ಟ್ಯಾಂಡ್ ಎನಿಥಿಂಗ್. ಆದ್ರೆ ಕಾಲು ನಿಲ್ತಾ ಇಲ್ಲ ನೋಡಿ" ಎಂದರು. ಅಷ್ಟು ಸಾಕಾಗಿತ್ತು. ಆದರೆ ನಗರದಲ್ಲಿ ಆ ವೇಳೆಗೆ ಕಟ್ಟುನಿಟ್ಟುಗಳು ಬಂದಿದ್ದವು. ಮದ್ಯ ಮಾರುವ ಜಾಗದಲ್ಲಿ ಸಂಗೀತಕ್ಕೆ ಒಂದು ಪರವಾನಗಿ, ಕುಣಿತಕ್ಕೆ ಬೇರೊಂದು ಪರವಾನಗಿ. ಎರಡನೆಯದನ್ನು ಯಾರಿಗೂ ಕೊಡುತ್ತಿರಲಿಲ್ಲ. ಕ್ಲೆಮೆಂಟ್ ಅವರ ಮರದ ನೆಲದ ಮೇಲೆ ಮೇಜುಗಳು ಬಂದು ಕುಳಿತಿದ್ದವು.

ಪರವಾನಗಿ ಕೊಡುವ ಕಛೇರಿಗೆ ನಾವು ಮೂವರೂ ಹೋದೆವು. ಯಾವ ಕಛೇರಿ, ಯಾವ ಅಧಿಕಾರಿ ಎಂದು ಹೇಳುವುದಿಲ್ಲ. ಕೋಣೆಯಲ್ಲಿ ಒಂದು ಖಾಲಿ ಕುರ್ಚಿಯಿತ್ತು. ಅದರ ಮೇಲೆ ಅಧಿಕಾರಿಯ ಊಟದ ಡಬ್ಬಿ ಕುಳಿತಿತ್ತು. ನಾವು ನಿಂತಿದ್ದೆವು.

"ಏನಮ್ಮ, ಹಾಡ್ತೀಯಾ?" ಎಂದು ಅವರು ವನಜಳನ್ನು ಕೇಳಿದರು.

"ಇಲ್ಲ ಸಾರ್."

"ಡ್ಯಾನ್ಸಾ?"

"ಇಲ್ಲ. ಮ್ಯೂಸಿಕ್ ಮಾಡ್ತೀನಿ. ಮಷೀನಲ್ಲಿ."

"ಓ, ಡಿಜೆ."

"ಡಿಜೆ ಅಂದ್ರೆ ಬೇರೆಯವರ ಹಾಡು ಹಾಕೋರು ಸಾರ್. ನಾನು ನಂದೇ ಹಾಕ್ತೀನಿ."

"ನಿಂದು ಅಂದ್ರೆ ಯಾವ ಕಂಪನಿ?"

"ಕಂಪನಿ ಇಲ್ಲ."

"ಕಂಪನಿ ಇಲ್ದೆ ಹಾಡು ಎಲ್ಲಿಂದ ಬಂತಮ್ಮ?"

"ಮನೆಯಿಂದ."

ಗುಮಾಸ್ತರೊಬ್ಬರು ನಕ್ಕರು. ನಾನು ಮುಂದೆ ಬಂದು, "ಮಾನ್ಯರೇ, ಆಕೆ ಸಂಗೀತ ರಚಿಸುತ್ತಾರೆ. ಏಕವಚನದ ಅಗತ್ಯ ಕಾಣುವುದಿಲ್ಲ" ಎಂದೆ.

"ನೀವ್ಯಾರು?"

"ಅಕ್ಕ."

"ಅಕ್ಕನೂ ಡಿಜೆನಾ?"

ಈ ಸಲ ಇಡೀ ಕೋಣೆ ನಕ್ಕಿತು. ಕಿಟಕಿಯ ಬಳಿ ಒಬ್ಬ ಟೈಪಿಸ್ಟ್ ಮಾತ್ರ ನಗಲಿಲ್ಲ, ಆತನಿಗೆ ಒಳ್ಳೆಯದಾಗಲಿ.

ಅಧಿಕಾರಿ ಕ್ಲೆಮೆಂಟ್ ಅವರ ಕಡೆ ತಿರುಗಿ, ನಾವಿಬ್ಬರು ಅಲ್ಲಿಲ್ಲವೆಂಬಂತೆ ವಿವರಿಸಿದರು. ಹೆಂಗಸೊಬ್ಬಳು ನಿಂತು ನುಡಿಸಿದರೆ ಅದು ಲೈವ್ ಬ್ಯಾಂಡ್. ಲೈವ್ ಬ್ಯಾಂಡ್ ಎಂದರೆ ಬಾರಿನಲ್ಲಿ ಹೆಂಗಸರನ್ನು ಕುಣಿಸುವುದೆಂದು ನಗರಕ್ಕೆಲ್ಲ ಗೊತ್ತು, ಅದಕ್ಕೆ ಅನುಮತಿಯಿಲ್ಲ. ಹೆಂಗಸಲ್ಲ, ಯಂತ್ರವೇ ನುಡಿಸುತ್ತದೆ ಎನ್ನುವುದಾದರೆ ಅದು ಧ್ವನಿಮುದ್ರಿತ ಸಂಗೀತ. ಅದಕ್ಕೆ ಹಾಡಿನ ಕಂಪನಿಯ ಒಪ್ಪಿಗೆ ಬೇಕು. ಕಂಪನಿಯಿಲ್ಲದ ಹಾಡಿಗೆ ಕಂಪನಿಯ ಒಪ್ಪಿಗೆಯನ್ನು ಎಲ್ಲಿಂದ ತರುವುದೆಂಬ ಪ್ರಶ್ನೆಗೆ ನಿಯಮದಲ್ಲಿ ಜಾಗವಿರಲಿಲ್ಲ. ಕಾನೂನಿನ ಕಣ್ಣಿಗೆ ನನ್ನ ತಂಗಿ ಒಂದೋ ಶೀಲ ಶಂಕಿಸಬೇಕಾದ ಹೆಂಗಸು, ಇಲ್ಲವೇ ಟೇಪ್ ರೆಕಾರ್ಡರು. ಮೂರನೆಯ ಆಯ್ಕೆ ಇರಲಿಲ್ಲ.

ಹೊರಗೆ ಬಂದು ಕಬ್ಬಿನ ಹಾಲು ಕುಡಿಯುವಾಗ ವನಜ ಹೇಳಿದಳು, "ಪಾಪ, ಆ ಡಬ್ಬಿಗೆ ಕುರ್ಚಿ ಸಿಕ್ತಲ್ಲ. ಅದೇನ್ ಪುಣ್ಯ ಮಾಡಿತ್ತೋ." ನಾನು ಲೋಟವನ್ನು ಅರ್ಧಕ್ಕೇ ಇಟ್ಟೆ.

ಆ ವರ್ಷದ ಗಣೇಶನ ಹಬ್ಬಕ್ಕೆ ನಮ್ಮ ಓಣಿಯಲ್ಲಿ ಎಂದಿನಂತೆ ಪೆಂಡಾಲು ಹಾಕಿದರು. ವಿಸರ್ಜನೆಯ ಮಧ್ಯಾಹ್ನ ಮುನಿರಾಜುವಿನ ಸ್ಪೀಕರುಗಳು ಲಾರಿ ಏರಿದವು. ಓಣಿಯ ಗಂಡಸರೆಲ್ಲ ನಡುರಸ್ತೆಯಲ್ಲಿ ಕುಣಿಯತೊಡಗಿದರು. ಮುಖ್ಯ ಅತಿಥಿಯಾಗಿ ಬಂದವರು ಯಾರೆನ್ನುತ್ತೀರಿ? ಕುರ್ಚಿಯ ಮೇಲೆ ಡಬ್ಬಿ ಕೂರಿಸಿದ್ದವರು. ಹಾರ ಹಾಕಿಸಿಕೊಂಡು ನಿಂತಿದ್ದರು. ಎರಡು ಸಿನಿಮಾ ಹಾಡುಗಳ ನಡುವೆ ಇದ್ದಕ್ಕಿದ್ದಂತೆ ವನಜಳ ರಿಲೇಗಳು ಕೇಳಿಸಿದವು. ಮೂರು, ನಾಲ್ಕು, ಮೂರು, ನಾಲ್ಕು. ಗುಂಪು ಹುಚ್ಚೆದ್ದು ಕುಣಿಯಿತು. ನಾಲ್ಕರ ಎಣಿಕೆ ಬಿಡದ ಜಗತ್ತು ಏಳಕ್ಕೆ ಕುಣಿಯಲಾರದು ಎನ್ನುವವರು ತಮಟೆ ಕೇಳಿ ಬೆಳೆದವರನ್ನು ಕಂಡಿಲ್ಲ. ನಾನು ನೋಡುತ್ತಿದ್ದುದು ಅಧಿಕಾರಿಯ ಬೂಟನ್ನು. ಅದು ಒಂದು ಮಾತ್ರೆಯೂ ತಪ್ಪದೆ ತಾಳ ಹಾಕುತ್ತಿತ್ತು.

ನಾನು ಲಾರಿಯ ಬಳಿ ಹೋಗಿ ಮುನಿರಾಜುವನ್ನು ಕೇಳಿದೆ, "ಇದಕ್ಕೆಲ್ಲ ಪರವಾನಗಿ ಇದೆಯೇನಪ್ಪ?"

"ಗಣೇಶನ್ಗೆ ಯಾರು ಲೈಸೆನ್ಸ್ ಕೇಳ್ತಾರೆ ಅಕ್ಕೋರೆ."

"ವನಜಳ ಸೀಡಿ ಹಾಕಿದ್ದೀಯಲ್ಲ, ಅವಳನ್ನು ಕೇಳಿದೆಯಾ?"

"ನಂದಲ್ಲ ಇದು. ಅಂಗಡೀಲಿ ಸಿಗತ್ತೆ ಈಗ, ಹಬ್ಬದ ನಾನ್‌ಸ್ಟಾಪ್" ಎಂದು ಬಣ್ಣಬಣ್ಣದ ಒಂದು ಡಬ್ಬಿ ತೋರಿಸಿದ. ಕಂಪನಿಯೊಂದು ಹಬ್ಬಕ್ಕೆಂದು ಹೊರತಂದ ಸೀಡಿ. ಎರಡು ಹಾಡುಗಳ ನಡುವಿನ ಸೇತುವೆಯಾಗಿ ವನಜಳ ರಚನೆ ಅದರಲ್ಲಿ ಸೇರಿತ್ತು, ಮುಂಭಾಗ ಮಾತ್ರ. ರಿಲೇಗಳು ಸುಮ್ಮನಾಗುವುದಕ್ಕೆ ಮುಂಚೆಯೇ ಕತ್ತರಿಸಿದ್ದರು. ಹೆಸರಿರಲಿಲ್ಲ.

ಮನೆಗೆ ಬಂದು ನಾನು ಕೂಗಾಡಿದೆ. ವನಜ ತಾರಸಿಯ ಕಟ್ಟೆಗೆ ಮೊಳಕೈ ಊರಿ ಕೆಳಗಿನ ಕುಣಿತ ನೋಡುತ್ತಿದ್ದಳು. "ತಗ್ಗಿನ ಸ್ವರ ಚೆನ್ನಾಗ್ ಬರ್ತಿದೆ ಅಲ್ವಾ ಅಕ್ಕ" ಎಂದಳು. "ಕದ್ರೆ ಕದೀಲಿ ಬಿಡು. ಅವರ ಹತ್ರ ಕೊನೆ ಇಲ್ಲ. ಕೊನೆ ನನ್ ಹತ್ರ ಇದೆ." ಅವಳ ಪಾಲಿಗೆ ಅದು ಅಲ್ಲಿಗೆ ಮುಗಿಯಿತು. ನನ್ನ ತಲೆಯೊಳಗಿನ ಸ್ಟೇಷನ್ನಿನಲ್ಲಿ ದೂರು ದಾಖಲಾಯಿತು.

ಕ್ಲೆಮೆಂಟ್ ಬಿಡಲಿಲ್ಲ. ಆ ದಿನ ಮದ್ಯವಿಲ್ಲ, ಕುಣಿತವಿಲ್ಲ, ಕುಳಿತು ಕೇಳುವ ಕಾರ್ಯಕ್ರಮ, ಹೊತ್ತು ಮುಳುಗುವ ಮುಂಚೆ ಮುಗಿಯುತ್ತದೆ ಎಂದು ಮತ್ತೆ ಮತ್ತೆ ಅರ್ಜಿ ಕೊಟ್ಟು, ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಒಂದು ಭಾನುವಾರದ ಮಧ್ಯಾಹ್ನಕ್ಕೆ ಅನುಮತಿ ತಂದರು. ಬಾಗಿಲಲ್ಲಿ ಕಪ್ಪು ಹಲಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಬರೆಯಲು ನನಗೇ ಕೊಟ್ಟರು. 'ಹಲಸೂರು ವನಜ' ಎಂದು ಬರೆದೆ. ಬಾಳಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಹಲಗೆಯ ಮೇಲೆ ಬರೆದಿದ್ದೇನೆ. ಬರೆದದ್ದನ್ನು ಅಳಿಸಬಾರದೆಂದು ಅನಿಸಿದ್ದು ಅದೊಂದೇ ಸಲ.

ಜನ ಬಂದರು. ಕಾಕ್ಸ್‌ಟೌನಿನ ಕೆಲವು ಹಿರಿಯರು, ಮಾರತ್ತಹಳ್ಳಿಯ ಆಫೀಸುಗಳ ಒಂದಿಷ್ಟು ಯುವಕರು, ತನ್ನದೇ ಸ್ಪೀಕರು ಹೊತ್ತು ತಂದಿದ್ದ ಮುನಿರಾಜು. ಹಿಂದಿನ ಸಾಲಿನಲ್ಲಿ ರಿಲೇ ವಿಭಾಗದ ಹೆಂಗಸರು, ರೇಷ್ಮೆ ಸೀರೆಯುಟ್ಟು, ಮದುವೆಗೆ ಬಂದವರಂತೆ. ವನಜ ದನಿ ಏರಿಸಿ ಇಳಿಸುವ ಗುಂಡಿಗಳ ಮುಂದೆ ನಿಂತು ಮೊದಲ ರಿಲೇ ಬಿಟ್ಟಳು. ಮೂರು. ನಾಲ್ಕು. ಹಿಂದಿನ ಸಾಲಿನಿಂದ ಒಬ್ಬಾಕೆಯ ದನಿ ಕೇಳಿತು: "ಏ, ಇದು ನಮ್ ಬೆಂಚಲ್ವೇನೇ?" ಇನ್ನೊಬ್ಬಾಕೆ, "ಶ್, ಸೂಪರ್‌ವೈಸರ್ ಬಂದಾನು" ಎಂದಳು. ಅವರೆಲ್ಲ ನಗುತ್ತಲೇ ತಮಗರಿವಿಲ್ಲದೆ ಮೇಜಿನ ಮೇಲೆ ಮೂರು ಸಲ, ನಾಲ್ಕು ಸಲ ಬೆರಳು ತಟ್ಟತೊಡಗಿದರು. ವನಜಳ ಮುಖದಲ್ಲಿ ಆಗ ಇದ್ದುದನ್ನು ವರ್ಣಿಸಲು ನಾನು ಕಲಿತ ಅಲಂಕಾರಶಾಸ್ತ್ರ ಸಾಲದು.

ರಚನೆ ಅರ್ಧ ದಾಟಿರಬೇಕು. ಬಾಗಿಲಲ್ಲಿ ಒಬ್ಬ ಯುವಕ ಬಂದು ಕ್ಲೆಮೆಂಟ್ ಅವರೊಂದಿಗೆ ಮಾತಾಡುತ್ತಿದ್ದುದನ್ನು ನಾನು ಕಂಡೆ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ. ಸಂಗೀತದ ಕಂಪನಿಗಳ ಪರವಾಗಿ, ಹೋಟೆಲುಗಳಲ್ಲಿ ಅನುಮತಿಯಿಲ್ಲದ ಹಾಡು ಹಾಕುತ್ತಾರೆಯೇ ಎಂದು ನೋಡಿಕೊಂಡು ಹೋಗುವವನು. ಕ್ಲೆಮೆಂಟ್ ಅವನನ್ನು ವನಜಳ ಬಳಿಗೆ ಕರೆತಂದರು. ನಾನೂ ಮುನಿರಾಜುವೂ ಅಲ್ಲೇ ಇದ್ದೆವು.

"ಮೇಡಂ, ಈಗ ಬರ್ತಿರೋದು ಒಂದು ಕಂಪನಿಯ ಹಬ್ಬದ ಸೀಡೀಲಿದೆ. ಆ ಕಂಪನಿ ಲೈಸೆನ್ಸ್ ಸಾರ್ ಹತ್ರ ಇಲ್ಲ. ಮಿಕ್ಕ ಕಂಪನಿಗಳದೆಲ್ಲ ಇದೆ."

"ಇದು ನಾನೇ ಮಾಡಿದ್ದು" ಎಂದಳು ವನಜ. ಅವಳ ಕೈ ಗುಂಡಿಯ ಮೇಲೇ ಇತ್ತು. "ಈ ರಿಲೇಗೆ ಬೆಸುಗೆ ಹಾಕಿದ್ದೂ ನಾನೇ."

"ನಾನು ನಂಬ್ತೀನಿ ಮೇಡಂ. ನಾನು ನಂಬಿದ್ರೆ ಸಾಲಲ್ಲ. ಅವರು ಹೊರಗೆ ತಂದಿದಾರೆ, ನೀವು ತಂದಿಲ್ಲ."

ಮುನಿರಾಜುವಿನ ಮುಖ ಬಿಳಿಚಿತು. "ವನಜಕ್ಕ... ಮಿಕ್ಸಿಂಗ್ ಮಾಡೋನೊಬ್ಬ ಕಾಪಿ ಕೇಳ್ದ. ಚೆಕ್ ಮಾಡೋ ಸೀಡಿ ತಾನೆ, ಅದನ್ನ ನಾವ್ ಸೌಂಡಿನವರು ಒಬ್ರಿಗೊಬ್ರು ಕೊಡ್ತಾನೇ ಇರ್ತೀವಿ. ಅದು ಯಾರ್ದೋ ಹಾಡು ಅಂತ ನಂಗೆ ಅನ್ಸೇ ಇಲ್ಲ."

ಅನಿಸಲೇ ಇಲ್ಲ. ಅವನದು ಕಳ್ಳತನವಾಗಿದ್ದರೆ ನಾನು ಈ ದೂರನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗುವುದು ಸುಲಭವಾಗುತ್ತಿತ್ತು.

ಯುವಕ ತಗ್ಗಿದ ದನಿಯಲ್ಲೇ ಮುಂದುವರಿದ. ತಾನು ವರದಿ ಕೊಡಲೇಬೇಕಾಗುತ್ತದೆ. ಕೊಟ್ಟರೆ ಕ್ಲೆಮೆಂಟ್ ಅವರು ಕಷ್ಟಪಟ್ಟು ಪಡೆದ ಅನುಮತಿ ಹೋಗಬಹುದು, ರೆಸ್ಟೋರೆಂಟಿಗೇ ಬೀಗ ಬೀಳಬಹುದು. "ಇದೊಂದ್ ಬಿಟ್ಟು ಬೇರೆ ಏನ್ ಬೇಕಾದ್ರೂ ಹಾಕಿ ಮೇಡಂ, ತೊಂದ್ರೆ ಇಲ್ಲ." ಪ್ರಪಂಚದಲ್ಲಿ ಯಾರ ಹಾಡನ್ನು ಬೇಕಾದರೂ ಅವಳು ಹಾಕಬಹುದಿತ್ತು. ತನ್ನದೊಂದನ್ನು ಬಿಟ್ಟು.

"ಲೆಟ್ ಹಿಮ್ ರಿಪೋರ್ಟ್" ಎಂದರು ಕ್ಲೆಮೆಂಟ್. "ಯೂ ಪ್ಲೇ, ವನಜಾ." ಹೇಳುವಾಗ ಅವರ ಕಣ್ಣು ತಾವು ಹಾಕಿಸಿದ ಮರದ ನೆಲದ ಕಡೆಗಿತ್ತು. ವನಜ ಅದನ್ನು ನೋಡಿದಳು.

ಹಾಡನ್ನು ಥಟ್ಟನೆ ನಿಲ್ಲಿಸುವುದು ಕೇಳುವವರಿಗೆ ಮಾಡುವ ಅವಮಾನ ಎಂದು ಅವಳು ನಂಬಿದ್ದಳು. ಆದ್ದರಿಂದ ಗುಂಡಿಯನ್ನು ಬಲು ನಿಧಾನವಾಗಿ ಇಳಿಸಿದಳು. ರಿಲೇಗಳು ದೂರ ಸರಿದವು, ಬಾಗಿಲ ಆಚೆ ಹೋದವು, ಇಲ್ಲವಾದವು. ಹಿಂದಿನ ಸಾಲಿನ ಹೆಂಗಸರ ಬೆರಳುಗಳು ಇನ್ನೂ ಕೊಂಚ ಹೊತ್ತು ಮೇಜಿನ ಮೇಲೆ ತಟ್ಟುತ್ತಿದ್ದು, ಆಮೇಲೆ ನಾಚಿಕೊಂಡು ನಿಂತವು. ಅವರು ಹಾಡು ಮುಗಿಯಿತೆಂದುಕೊಂಡು ಚಪ್ಪಾಳೆ ಹೊಡೆದರು. ವನಜ ಕೈ ಮುಗಿದಳು.

ಆಟೋದಲ್ಲಿ ಅವಳು ಆಡಿದ್ದು ಒಂದೇ ಮಾತು: "ಕದ್ದಿದಾರೆ ಅಂದ್ಕೊಂಡಿದ್ದೆ ಅಕ್ಕ. ನಂದಲ್ಲ ಅಂತಾರೆ ಅಂದ್ಕೊಂಡಿರ್ಲಿಲ್ಲ."

ನಾನು ಕಂಪನಿಗೆ ಬರೆದೆ, ಮತ್ತೆ ಬರೆದೆ. ನಿಮ್ಮ ರಚನೆ ಮೊದಲು ಪ್ರಕಟವಾದುದಕ್ಕೆ ಆಧಾರ ಕಳಿಸಿ ಎಂಬ ಒಂದು ಸಾಲಿನ ಉತ್ತರ ಬಂತು. ತಾರಸಿಯ ಕೋಣೆಯಲ್ಲಿ ಹುಟ್ಟಿ ಮೆಟ್ಟಿಲ ಕೆಳಗಿನ ದನಿಯಲ್ಲಿ ಮುಗಿಯುವ ಹಾಡಿಗೆ ಯಾವ ಆಧಾರ ಕಳಿಸುವುದು? ವನಜ ಹಲಗೆಯಿಂದ ರಿಲೇಗಳನ್ನು ಬಿಡಿಸಿ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ಆಮೇಲೆ ಓಣಿಯವರ ಮಿಕ್ಸಿ, ರೇಡಿಯೋಗಳನ್ನು ರಿಪೇರಿ ಮಾಡಿಕೊಟ್ಟಳು. ಬೆಸುಗೆಯ ಹೊಗೆ ಮನೆಯಲ್ಲಿ ಇತ್ತು, ಸದ್ದು ಇರಲಿಲ್ಲ. ಗಣೇಶನ ಹಬ್ಬದಲ್ಲಿ ಕಿಟಕಿ ಮುಚ್ಚುತ್ತಿದ್ದಳು. ಮುನಿರಾಜುವನ್ನು ದೂರಲಿಲ್ಲ, ಯಾರನ್ನೂ ದೂರಲಿಲ್ಲ. ಅವಳ ಪಾಲಿನದನ್ನೂ ನಾನೇ ದೂರಬೇಕಾಯಿತು. ಮೆಟ್ರೋದ ಕಂಬಗಳು ನಮ್ಮ ಕಡೆ ಏಳುತ್ತಿದ್ದ ಕಾಲಕ್ಕೆ ಅವಳು ಹಾಸಿಗೆ ಹಿಡಿದಳು. ಹಗಲೆಲ್ಲ ನೆಲ ಕೊರೆಯುವ, ಬಡಿಯುವ ಸದ್ದು. ಒಂದು ಮಧ್ಯಾಹ್ನ ಅದನ್ನು ಬಹಳ ಹೊತ್ತು ಆಲಿಸಿ, "ಮೂರೂ ಅಲ್ಲ, ನಾಲ್ಕೂ ಅಲ್ಲ ಅಕ್ಕ. ಬರೀ ಒಂದು, ಒಂದು, ಒಂದು" ಎಂದಳು. ಕಂಬಗಳ ಮೇಲೆ ರೈಲು ಓಡುವುದನ್ನು ಅವಳು ನೋಡಲಿಲ್ಲ.

ಅವಳ ಕಂಪ್ಯೂಟರು ಅವಳ ಹಿಂದೆಯೇ ಹೋಯಿತು. ಸೀಡಿಗಳ ಬೆಳ್ಳಿ ನಮ್ಮೂರಿನ ತೇವಕ್ಕೆ ಹಕ್ಕಳೆಯಾಗಿ ಎದ್ದುಬಂದಿತ್ತು. ಎಲ್ಲೆಲ್ಲಿ ತೋರಿಸಿದರೂ ಆಗುವುದಿಲ್ಲವೆಂದರು. ಮುನಿರಾಜುವಿನ ಬಳಿಯಿದ್ದ ಪ್ರತಿಯೂ ಉಳಿದಿರಲಿಲ್ಲ. ಪೂರ್ತಿಯಾದ ಪ್ರತಿ ಈಗ ಎಲ್ಲಿಯೂ ಇಲ್ಲ.

ಶಿವಾಜಿನಗರದ ಅಂಗಡಿಯವನು ಬೆಸುಗೆ ಮುಗಿಸಿ, ಫೋನಿನ ಬೆನ್ನು ಮುಚ್ಚಿದ. "ಚೆಕ್ ಮಾಡ್ಬಿಡೋಣ ಅಜ್ಜಿ" ಎಂದು ತನ್ನ ಫೋನಿನಿಂದ ಏನನ್ನೋ ನನ್ನ ಫೋನಿಗೆ ದಾಟಿಸಿ ಒತ್ತಿದ. ಮೂರು, ನಾಲ್ಕು, ಮೂರು, ನಾಲ್ಕು.

ನಾನು ಸ್ಟೂಲಿನ ಅಂಚು ಹಿಡಿದುಕೊಂಡೆ. "ಇದು ಎಲ್ಲಿಯದು?"

"ಇದಾ? ಸ್ಪೀಕರ್ ಚೆಕ್ ಮಾಡೋದು. ಗಲ್ಲೀಲಿ ಎಲ್ಲಾರೂ ಇದೇ ಹಾಕೋದು. ನಮ್ ಉಸ್ತಾದ್ ಹತ್ರಾನೂ ಇದೇ ಇತ್ತು."

"ಮಾಡಿದವರು ಯಾರು?"

"ಯಾರೂ ಮಾಡಿಲ್ಲ ಅಜ್ಜಿ. ಮೊದ್ಲಿಂದ ಹಂಗೇ ಇದೆ."

ಅವನಿಗೆ ಹೇಳಬೇಕಾದದ್ದು ನನ್ನಲ್ಲಿ ಸಿದ್ಧವಾಗಿತ್ತು. ಇಷ್ಟು ವರ್ಷ ಒಂದೊಂದು ವಾಕ್ಯವನ್ನೂ ತಿದ್ದಿ ತೀಡಿ ಇಟ್ಟುಕೊಂಡಿದ್ದೆ: ಹೆಸರು, ಊರು, ಕಾರ್ಖಾನೆ, ಡಬ್ಬಿ ಕೂತ ಕುರ್ಚಿ, ತಗ್ಗಿದ ದನಿಯ ಯುವಕ. ಬಾಯಿ ತೆರೆದೆ. ಆದರೆ ಹಾಡು ನಡೆಯುತ್ತಿತ್ತು. ಅದರ ಮೇಲೆ ಮಾತಾಡಲು ಮನಸ್ಸು ಬರಲಿಲ್ಲ. "ನಿಲ್ಲಿಸಬೇಡಿ" ಎಂದಷ್ಟೇ ಹೇಳಿದೆ. ಅವನು ಕೈ ಹಿಂದೆಗೆದ. ನಾವಿಬ್ಬರೂ ಕೇಳಿದೆವು. ಗುಬ್ಬಚ್ಚಿಗಳು ಬಂದವು, ನೆಲದ ಗುಡುಗು ಬಂತು, ಆಮೇಲೆ ಕತ್ತರಿಸಿದ ಜಾಗ ಬಂತು. ಮೌನ.

"ಇಷ್ಟೇ ಇರೋದು" ಎಂದ.

ಆ ಮೌನದೊಳಗೆ, ಗಲ್ಲಿಯ ಹಾರ್ನುಗಳ ನಡುವೆ, ನಾನು ಹೇಳಿದೆ: "ವನಜಾ, ಅನ್ನ ಆರ್ತಿದೆ ಕಣೇ, ಇಳಿದು ಬಾ."

ದನಿ ಒಡೆದಿತ್ತು. ಬೈಗುಳದ ಕಾವು ಮಾತ್ರ ಸರಿಯಾಗಿಯೇ ಬಂತು.

ಅಂಗಡಿಯವನು ತಲೆಯೆತ್ತಿದ. "ಏನಂದ್ರಿ ಅಜ್ಜಿ?"

"ಏನಿಲ್ಲಪ್ಪ" ಎಂದೆ. "ಉಳಿದ ಭಾಗ."